ಕರುಣಾವತಿ ಅಕ್ಕೋರ ಮದುವೆ

ಹುಬ್ಬಳ್ಳಿ ಗೋಪನಕೊಪ್ಪದ ಕರುಣಾವತಿ ಅಕ್ಕೋರಿಗೆ ಮದುವೆಯ ಮಾತು ಬಂದಾಗ ವಯಸ್ಸು ಅರವತ್ತು ದಾಟಿತ್ತು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ಹರೆಯ ಸರಿದುಹೋಗಿತ್ತು. ತಾಯಿ ತೀರಿಕೊಂಡ ಮೇಲೆ ಉಳಿದದ್ದು ಚರ್ಚು. ರವಿವಾರ ಎಲ್ಲರಿಗಿಂತ ಮೊದಲು ಬಾಗಿಲು ತೆರೆಯುವವರು ಅವರೇ. ಮಕ್ಕಳಿಗೆ ಬೈಬಲ್ ಕಥೆ ಹೇಳುವುದು, ಹಾರ್ಮೋನಿಯಂ ಬಾರಿಸುವುದು ಎಲ್ಲ ಅವರದೇ. ಚರ್ಚಿನ ಸಭೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಡಬ್ಬಿಯಲ್ಲಿ ಗಂಜಿ ಒಯ್ದು, ಬೈಬಲಿನ ಕೀರ್ತನೆ ಓದಿ, ಪ್ರಾರ್ಥನೆ ಮಾಡಿ ಬರುತ್ತಿದ್ದರು.

"ಅಕ್ಕೋರು ಅಂದ್ರ ಸಭೆಗೆ ಕೊಟ್ಟ ಮಗಳು," ಎಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು.

ಧಾರವಾಡದ ಕೆಲಗೇರಿಯ ಯೇಸಪ್ಪ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಅವರ ಹೆಂಡತಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಕ್ಕೋರು ದಿನಾ ಹೋಗಿ ಕೀರ್ತನೆ ಓದುತ್ತಿದ್ದರು. ಆಕೆ ತೀರಿಕೊಂಡು ಎರಡು ವರ್ಷವಾದ ಮೇಲೆ ಯೇಸಪ್ಪ ಒಂದು ಮಧ್ಯಾಹ್ನ ಧಾರವಾಡ-ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಅಕ್ಕೋರ ಮನೆಗೆ ಬಂದರು. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಸುತ್ತು ಬಳಸದೆ ಕೇಳಿದರು.

"ಅಕ್ಕೋರ, ನಾವಿಬ್ಬರೂ ಮದಿವಿ ಆದ್ರ ಹೆಂಗ್ರಿ?"

ಅಕ್ಕೋರು ಖಾಲಿ ಕಪ್ಪು ಎತ್ತಿಕೊಂಡರು. "ಅಡಗಿ ಮಾಡಾಕ ಯಾರೂ ಇಲ್ಲಂತ ಕೇಳಾಕತ್ತೀರೇನ್ರಿ?"

"ಅಡಗಿ ನಾನ ಮಾಡ್ತೇನ್ರಿ, ಛಲೋನ ಮಾಡ್ತೇನಿ. ಸಂಜಿಮುಂದ ಮಾತಾಡಾಕ ಯಾರೂ ಇಲ್ಲ. ನೀವು ಓದೂಮುಂದ ಆಕಿ ಒಬ್ಬಾಕೀನ ಅಲ್ಲ, ನಾನೂ ಕೇಳ್ತಿದ್ದೆ."

ವಿಚಾರ ಮಾಡಿ ಹೇಳುತ್ತೇನೆಂದು ಕಳಿಸಿದರು.

ಸುದ್ದಿ ಕೇಳಿ ಚರ್ಚಿನ ಸಭಾಪಾಲಕರು ಗಾಬರಿಯಾದರು. "ಕ್ರಿಸ್‌ಮಸ್ ಹತ್ರ ಬಂತಲ್ರಿ. ಹುಡುಗರ ನಾಟಕ ಯಾರು ಮಾಡಸ್ತಾರ? ಹಾರ್ಮೋನಿಯಂ?" ಆಮೇಲೆ ದನಿ ತಗ್ಗಿಸಿ, "ಪ್ರಾರ್ಥನೆ ಮಾಡ್ರಿ, ದೇವರ ಚಿತ್ತ ತಿಳೀತೈತಿ," ಎಂದರು.

ಅಕ್ಕೋರು ಪ್ರಾರ್ಥನೆಗೆ ಕುಳಿತರು. ಇಷ್ಟು ವರ್ಷ ಬೇರೆಯವರಿಗಾಗಿ ಬೇಡಿಯೇ ರೂಢಿ. ತಮಗಾಗಿ ಏನು ಕೇಳಬೇಕೆಂಬುದೇ ಬಾಯಿಗೆ ಬರಲಿಲ್ಲ.

ಪಕ್ಕದ ಮನೆಯ ರಾಜಬಿ ಕಟ್ಟೆಯ ಮೇಲೆ ಮೆಂತ್ಯೆಪಲ್ಯೆಯ ಎಲೆ ಬಿಡಿಸುತ್ತ ಅಕ್ಕೋರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಅದೆಲ್ಲ ಇರ್ಲಿ ಅಕ್ಕೋರ. ನಿಮಗ ಮನಸೈತೋ ಇಲ್ಲೋ?"

"ಐತಿ," ಎಂದರು ಅಕ್ಕೋರು. ಅಂದ ಮೇಲೆ ಅವರಿಗೇ ಆಶ್ಚರ್ಯವಾಯಿತು.

ಪದ್ಧತಿಯಂತೆ ಮೂರು ರವಿವಾರ ಚರ್ಚಿನಲ್ಲಿ ಇಬ್ಬರ ಹೆಸರು ಓದಿ, ತಕರಾರು ಇದ್ದವರು ತಿಳಿಸಬೇಕೆಂದು ಸಾರಿದರು. ಆಗ ಅಕ್ಕೋರು ಹಾರ್ಮೋನಿಯಂ ಮುಂದೆಯೇ ತಲೆ ತಗ್ಗಿಸಿ ಕುಳಿತಿದ್ದರು. ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. "ಈ ವಯಸ್ಸಿನ್ಯಾಗ ಇದೇನು ಚಂದ," ಎಂದಳೊಬ್ಬಳು. ಹೆಮ್ಮೆಪಡುತ್ತಿದ್ದ ಹಿರಿಯರೊಬ್ಬರು ಅಕ್ಕೋರ ಜೊತೆ ಮಾತನ್ನೇ ಬಿಟ್ಟರು. ತಕರಾರು ಮಾತ್ರ ಯಾರೂ ಕೊಡಲಿಲ್ಲ.

ಅಕ್ಕೋರು ಯಾರಿಗೂ ಎದುರಾಡಲಿಲ್ಲ. ಕಾಲೇಜು ಓದುವ ಗೀತಾಂಜಲಿಯನ್ನು ಕೂರಿಸಿಕೊಂಡು ಹಾರ್ಮೋನಿಯಂ ಕಲಿಸಿದರು. ಕ್ರಿಸ್‌ಮಸ್ ನಾಟಕವನ್ನೂ ಮಾಡಿಸಿಕೊಟ್ಟರು. ಜನವರಿಯಲ್ಲಿ ಮದುವೆಯಾಯಿತು. ಗೀತಾಂಜಲಿ ಅಂಜಿಕೆಯಲ್ಲಿ ಶ್ರುತಿ ತಪ್ಪಿದಾಗ ಮದುಮಗಳೇ ಹಿಂತಿರುಗಿ ನೋಡದೆ ದನಿ ಎತ್ತಿ ಹಾಡಿದರು. ಸಭೆ ಅವರ ಹಿಂದೆ ಹಾಡಿತು. ಮಾತು ಬಿಟ್ಟಿದ್ದ ಹಿರಿಯರೂ ಹಾಡಿದರು. ಆದರೆ ಊಟಕ್ಕೆ ನಿಲ್ಲಲಿಲ್ಲ.

ಕೆಲಗೇರಿಗೆ ಹೋದ ಮೇಲೆ ರವಿವಾರ ಗಂಡ ಹೆಂಡತಿ ಧಾರವಾಡದ ಚರ್ಚಿಗೆ ಹೋಗತೊಡಗಿದರು. ಅಲ್ಲಿ ಅಕ್ಕೋರನ್ನು ಬಲ್ಲವರು ಕಡಿಮೆ. ಆರಾಧನೆ ಮುಗಿದ ಮೇಲೆ ಅಲ್ಲಿಯ ಸಭಾಪಾಲಕರು ಹತ್ತಿರ ಬಂದರು.

"ನೀವು ಟೀಚರ್ ಇದ್ರಂತ ಕೇಳೇನ್ರಿ. ಮಕ್ಕಳಿಗೆ ಕಲಿಸಾಕ ಯಾರೂ ಸಿಗವಲ್ರು."

ಯೇಸಪ್ಪ ಹೆಂಡತಿಯ ಮುಖ ನೋಡಿದರು.

"ಕಲಿಸ್ತೇನ್ರಿ, ಆದ್ರ ಈಗಲ್ಲ," ಎಂದರು ಅಕ್ಕೋರು. "ಸ್ವಲ್ಪ ದಿನ ಹಿಂದಿನ ಬೆಂಚಿನ್ಯಾಗ ಕುಂತು ಸುಮ್ನ ಕೇಳ್ತೇನಿ."