ಐವತ್ತೆರಡು ಡಿಗ್ರಿಯ ಹಳ್ಳ

೧
ಎಲ್ಲಿಂದ ಶುರು ಮಾಡಲಿ? ‘ಅದೊಂದು ಮಂಕು ಮಧ್ಯಾಹ್ನ’ ಎಂದು ಬರೆದೆ, ಹೊಡೆದುಹಾಕಿದೆ. ಆಂಟೆನಾ ಪರೀಕ್ಷಿಸುವ ಕೋಣೆಗೆ ಕಿಟಕಿಯೇ ಇಲ್ಲ. ಹೊರಗೆ ಮಂಕೋ ಬಿಸಿಲೋ ಯಾರಿಗೆ ಗೊತ್ತು? ಇರಲಿ, ಇದು ನಿಜವಾಗಿ ನಡೆದದ್ದು. (ಎಲ್ಲ ಸುಳ್ಳುಗಾರರೂ ಹೀಗೇ ಶುರು ಮಾಡುತ್ತಾರೆ.)

೨
ಅರವತ್ತು ಸಾರ್. ಅದು ಹೆಸರಲ್ಲ, ಹಟ. ನೂರು ಪುಟ್ಟ ಆಂಟೆನಾಗಳನ್ನು ಒಂದು ಹಲಗೆಯ ಮೇಲೆ ಸಾಲಾಗಿ ಕೂರಿಸಿ, ಹಲಗೆ ಅಲ್ಲಾಡದೆಯೇ ಅವು ಬಿಡುವ ರೇಡಿಯೊ ಕಿರಣವನ್ನು ಅರವತ್ತು ಡಿಗ್ರಿಯವರೆಗೆ ಹೊರಳಿಸುತ್ತೇನೆಂದು ಹೊರಟವರು. ಆರು ವರ್ಷವಾಯಿತು. ಐವತ್ತೆರಡಕ್ಕೆ ಬಂದರೆ ಹಲಗೆ ಕುರುಡಾಗುತ್ತಿತ್ತು: ಅಕ್ಕಪಕ್ಕದ ಆಂಟೆನಾಗಳು ತಮ್ಮತಮ್ಮಲ್ಲೇ ಗುಸುಗುಸು ಮಾಡಿಕೊಂಡು ಹೊರಗೆ ಏನನ್ನೂ ಬಿಡುತ್ತಿರಲಿಲ್ಲ. ಗ್ರಾಫಿನಲ್ಲಿ ಅಲ್ಲೊಂದು ಹಳ್ಳ.

ಮದ್ದು, ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ. ಎಷ್ಟು ಎತ್ತರದಲ್ಲಿ? ಸಾರ್ ಅದರ ನಾಲ್ಕು ಮೂಲೆಗೂ ಬಸ್ ಟಿಕೆಟ್ಟು, ಔಷಧಿ ಡಬ್ಬಿಯ ರಟ್ಟು, ಸಿಕ್ಕಿದ ಚೀಟಿ ತುರುಕಿ, ತೆಗೆದು, ಬೆರಳಲ್ಲೇ ಅಂದಾಜು ಮಾಡುತ್ತಿದ್ದರು. ಅಂದು ಕೋಣೆ ಸಾರ್‌ಗೂ ಅವರ ಸಹಾಯಕನಾದ ನನಗೂ ಸಿಕ್ಕಿದ್ದ ಕೊನೆಯ ದಿನ. ಸಂಜೆಯೊಳಗೆ ಹಳ್ಳವಿಲ್ಲದ ಗೆರೆ ಎರಡು ಸಲ ಬರಬೇಕು; ಇಲ್ಲವಾದರೆ ಹಲಗೆ ಗೋದಾಮಿಗೆ, ಅದರ ಜಾಗಕ್ಕೆ ಗಿರಗಿರ ತಿರುಗುವ ಹಳೇ ತಟ್ಟೆ ಆಂಟೆನಾ.

೩
ದನಿ ಕದಿಯುವುದು ನನ್ನ ಚಾಳಿ. ನಮ್ಮ ಸಂಸ್ಥೆಯ ಡೈರೆಕ್ಟರರದು ಸಲೀಸು, ಕೆಮ್ಮು ಸಮೇತ. ಪಕ್ಕದ ಕೋಣೆಯಿಂದ ಫೋನ್ ಮಾಡಿದೆ.

“ಏನ್ರೀ, ಎಹ್ಹೆಮ್, ನಲವತ್ತೈದು ಡಿಗ್ರಿ ಸಾಕಂತೆ. ಗಿರಾಕಿ ಒಪ್ಪಿದಾರೆ. ಐವತ್ತೆರಡರ ಗೊಡವೆ ಬಿಟ್ಬಿಡಿ.”

ಆ ಕಡೆ ಸಾರ್ ಕುರ್ಚಿ ಎಳೆದು ಕೂತ ಸದ್ದು. ಆಮೇಲೆ, “ನಿಜವಾಗ್ಲೂನಾ ಸಾರ್?”

ಎರಡೇ ನಿಮಿಷ ಬಿಟ್ಟು, ನಗಲು ಬಾಯಿ ಸಿದ್ಧಮಾಡಿಕೊಂಡು ಒಳಗೆ ಹೋದೆ. ಹಾಳೆ ಆಗಲೇ ಸುರುಳಿಯಾಗಿತ್ತು. ಚೀಟಿಗಳು ಕಸದ ಬುಟ್ಟಿಯಲ್ಲಿ, ಆರು ವಾರದಿಂದ ಎಸೆದಿದ್ದ ಚೀಟಿಗಳ ಜೊತೆ.

“ಸಾರ್, ಫೋನ್ ಮಾಡಿದ್ದು ನಾನು. ತಮಾಷೆಗೆ.”

ಅವರು ತಿರುಗಲಿಲ್ಲ. ಫೋನ್ ಬಂದಾಗಲೇ ಮುಗಿದಿದ್ದ ಅಳತೆಯನ್ನು ಈಗ ಪರದೆಯ ಮೇಲೆ ನೋಡುತ್ತಿದ್ದರು. ಐವತ್ತೆರಡರಲ್ಲಿ ಹಳ್ಳವಿರಲಿಲ್ಲ.

“ಎಷ್ಟು ಚೀಟಿ ಇಟ್ಟಿದ್ರಿ ಸಾರ್?”

“ಎಣಿಸ್ಲಿಲ್ಲ ಕಣಯ್ಯ. ಗೆರೆ ಬಂದ್ಮೇಲೆ ಎಣಿಸೋಣ ಅಂತಿದ್ದೆ.”

೪
ಮುಕ್ತಾಯ ಒಂದು: ಬುಟ್ಟಿ ಬೋರಲು ಹಾಕಿ ಆ ಚೀಟಿಗಳನ್ನೇ ಹುಡುಕಿದೆವು. (ಹುಡುಕಿದ್ದು ನಿಜ. ಸಿಕ್ಕಿದ್ದು ನೂರಾರು.)

ಮುಕ್ತಾಯ ಎರಡು: ಸಾರ್ ನನ್ನ ಕಪಾಳಕ್ಕೆ ಬಿಟ್ಟರು. (ಬಿಟ್ಟಿದ್ದರೆ ಇದನ್ನು ಬರೆಯುವ ಕಷ್ಟ ತಪ್ಪುತ್ತಿತ್ತು.)

ಮೂರನೆಯದಕ್ಕೆ ಪೆನ್ನು ಎತ್ತಿದರೆ ಸಾರ್ ಪುಟದೊಳಗಿಂದಲೇ ಗದರಿದರು. “ಲೇ, ಕಥೆ ನಿಂದೇ ಅಲ್ವಾ? ಮೂಲೆಗೆ ಹನ್ನೊಂದು ಚೀಟಿ ಅಂತ ಬರ್ದು ನನ್ನ ಗೆಲ್ಸು. ಯಾರು ಬಂದು ನೋಡ್ತಾರೆ?”

“ಹನ್ನೊಂದು ಇಟ್ಟು ನೋಡಿದ್ವಲ್ಲ ಸಾರ್, ಸಂಜೆ. ಹಳ್ಳ ಬಿತ್ತು.”

“ಹನ್ನೆರಡು?”

“ಅದಕ್ಕೂ ಬಿತ್ತು. ಅಷ್ಟರಲ್ಲಿ ಬಾಗಿಲು ಹಾಕಕ್ಕೆ ಬಂದ್ರು.”

ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. “ಒಂದು ಹೇಳ್ಲಾ? ಈ ಆರು ವರ್ಷದಲ್ಲಿ ನಂಗೆ ನೆಮ್ಮದಿ ಅಂತ ಸಿಕ್ಕಿದ್ದು ನಿನ್ನ ಫೋನ್ ಆದ್ಮೇಲಿನ ಆ ಎರಡು ನಿಮಿಷ ಕಣೋ!”

ಹಾಗೆಂದು ನಕ್ಕರು. ನಾನೂ ನಕ್ಕೆ, ನಿಲ್ಲಿಸಿದೆ. ಪೂರ್ಣವಿರಾಮ ಇಡೋಣವೆಂದು ಕಾಯುತ್ತಿದ್ದೇನೆ. ಅವರು ಮೇಜು ಹಿಡಿದುಕೊಂಡು, ಇನ್ನೂ ಜೋರಾಗಿ