ಒಂದು ಬೈಗುಳದಷ್ಟು ಹೊತ್ತು

ಪಂಪಾಪತಿ ಗೋಡೆಯ ಬೋರ್ಡಿನಿಂದ ಕೂಸಿನ ಮಷೀನಿನ ಪಿನ್ನು ಕಿತ್ತು, ಅದೇ ತೂತಿಗೆ ಅವ್ವನ ಹೆಣವಿಟ್ಟ ಐಸ್ ಪೆಟ್ಟಿಗೆಯ ಪಿನ್ನು ಚುಚ್ಚಿದ. ಪೆಟ್ಟಿಗೆ ಒಮ್ಮೆ ನಡುಗಿ ಗುಂಯ್ ಎಂದಿತು. ಗಾಜಿನೊಳಗೆ ಮುದುಕಮ್ಮ ಹಣೆ ತುಂಬ ವಿಭೂತಿ ಬಳಿಸಿಕೊಂಡು, ಗದ್ದಕ್ಕೆ ಬಟ್ಟೆ ಬಿಗಿದಿದ್ದರೂ ಯಾರಿಗೋ ಬಯ್ಯಲು ತಯಾರಾದವಳಂತೆ ಮಲಗಿದ್ದಳು.

"ಕೂಸಿನ ಮಷೀನು?" ಎಂದಳು ಅವನ ಹೆಂಡತಿ ಜ್ಯೋತಿ.

"ಮನ್ಯಾಗ ಇರೋದು ಒಂದ ಬೋರ್ಡು. ಇದರ ಜೋಡಿ ಬ್ಯಾರೆ ಹಚ್ಚಿದ್ರ ಲೈನ್ ಹಾರತೈತಿ ಅಂತ ಪೆಟ್ಟಿಗಿ ತಂದಾವ ಹೇಳಿ ಹೋಗ್ಯಾನ. ಗಂಗಾ ಬೆಂಗಳೂರು ಬಿಟ್ಟಾಳ, ನಾಕಕ್ಕ ಬರ್ತಾಳ. ತಂಗಿ ಅವ್ವನ ಮುಖ ನೋಡೋದು ಬ್ಯಾಡೇನು? ಈ ಬಿಸಲಾಗ ಹೆಣ ತಡಿತೈತೇನು?"

ಕೂಸು ತಡಿತೈತೇನು ಎಂದು ಕೇಳಬೇಕೆನಿಸಿತು ಜ್ಯೋತಿಗೆ. ಹಟ್ಟಿ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿದವನು ಲಿಂಗಸುಗೂರು, ಮಸ್ಕಿ, ಸಿಂಧನೂರು ದಾಟಿ ತಮ್ಮೂರು ವಳಕಮದಿನ್ನಿಯವರೆಗೆ ಬೈಕಿನಲ್ಲಿ ಬಂದಿದ್ದ. ಮುಖ ತೊಳೆದಿರಲಿಲ್ಲ.

ಒಳಗೆ ಅಡುಗೆಮನೆಯ ಕೌದಿಯ ಮೇಲೆ ಅವರ ನಾಲ್ಕು ವರ್ಷದ ಮಗಳು ಅಂಬಿಕಾ ಕೂತಿದ್ದಳು. ಅವಳ ಕತ್ತಿನ ನಡುವೆ ತೂತು, ತೂತಿನಲ್ಲಿ ನಳಿಗೆ. ಉಸಿರೆಲ್ಲ ಅಲ್ಲೇ ಹೊರಬೀಳುವುದರಿಂದ ಅತ್ತರೂ ದನಿಯಿಲ್ಲ. ಒಂದೂವರೆ ತಿಂಗಳ ಹಿಂದೆ ಬೆಂಗಳೂರಿನ ಡಾಕ್ಟರರು ಎರಡನೇ ಆಪರೇಷನ್ ಮಾಡಿ ಶ್ವಾಸನಾಳ ಅಗಲ ಮಾಡಿದ್ದರು. ಇನ್ನು ಎರಡು ವಾರ ಕಫ ಕಟ್ಟದಂತೆ ನೋಡಿಕೊಂಡರೆ ನಳಿಗೆ ತೆಗೆಯುತ್ತೇವೆ ಎಂದಿದ್ದರು. ಆ ಕಫವನ್ನು ಮಷೀನಿನಿಂದ ಎಳೆಯುತ್ತಿದ್ದವಳು ಮುದುಕಮ್ಮ ಒಬ್ಬಳೇ. ಬೆಳಗಿನ ಜಾವ ಎಳೆದು, ಪೈಪು ಕುದಿಸಲು ಒಲೆಯ ಮುಂದೆ ಕೂತವಳು ಕೂತಲ್ಲೇ ವಾಲಿದ್ದಳು.

"ಎಂಥಾ ಬಾಯಿ ಇತ್ತವ್ವಾ ನಮ್ಮಕ್ಕಂದು!" ಮುದುಕಮ್ಮನ ತಂಗಿ ಗ್ಯಾನಮ್ಮ ಪೆಟ್ಟಿಗೆಯ ಗಾಜು ಬಡಿದು ಅತ್ತಳು.

"ನೆಲ್ಲು ಹಚ್ಚುವಾಗ ಆಕಿ ಬೈದ್ರನ ನಮ್ಮ ಕೈ ಓಡ್ತಿದ್ವು," ಎಂದಳು ದಾವಲ್‌ಬೀ. ಮುದುಕಮ್ಮನ ನಾಟಿ ಗುಂಪಿನಲ್ಲಿ ಮೂವತ್ತು ವರ್ಷ ಬಾಗಿದ ಬೆನ್ನು ಅವಳದು. "ಒಂದ ಸಮ ಬೈಯಾಕಿ. ಅವಸರ ಇಲ್ಲ, ಸಾವಕಾಶ ಇಲ್ಲ. ಹಾಡು ಹೇಳಿ ಹಚ್ಚೂ ಗುಂಪಿನವರು ಹಿಂದ ಉಳೀತಿದ್ರು. ನನ್ನ ಗಂಡ ಸತ್ತ ಮೂರನೇ ದಿನ ಗದ್ದಿಗಿ ಹೋದ್ರ, 'ಸತ್ತಾವ ಅವನೋ ನಿನ್ನ ಕೈಯೋ' ಅಂದ್ಲು ನೋಡು!"

ಹೆಂಗಸರು ನಕ್ಕರು. ನಕ್ಕದ್ದು ನೆನಪಾಗಿ ಇನ್ನೂ ಜೋರಾಗಿ ಅತ್ತರು.

"ಸೊಸಿ ಕಣ್ಣಾಗ ಒಂದ ಹನಿ ಇಲ್ಲ ನೋಡ್ರೇ," ಎಂದಳು ಗ್ಯಾನಮ್ಮ. ಜ್ಯೋತಿಯ ಕಿವಿ ಅಡುಗೆಮನೆಯ ಕಡೆಗಿತ್ತು. ಗ್ಯಾನಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ದನಿ ತಗ್ಗಿಸದೆ ಹೇಳಿದಳು: "ಆ ಕೂಸರ ಅಜ್ಜಿ ಜೋಡಿ ಹೋಗಿದ್ರ ಒಂದ ಕುಣ್ಯಾಗ ಎಲ್ಲಾ ಮುಗೀತಿತ್ತು."

* * *

ಮೂರು ವರ್ಷದ ಹಿಂದೆ, ಕತ್ತಿಗೆ ತೂತು ಹಾಕಿದ ವಾರ, ಆಸ್ಪತ್ರೆಯ ನರ್ಸು ಪೈಪನ್ನು ಮೊದಲು ಕೊಟ್ಟದ್ದು ಜ್ಯೋತಿಯ ಕೈಗೆ. "ಹತ್ತು ಎಣಿಸೋದ್ರೊಳಗೆ ಆಚೆ ಬರಬೇಕಮ್ಮ. ತಡ ಆದ್ರೆ ಮಗೂಗೆ ಉಸಿರೇ ಸಿಗಲ್ಲ. ಬೇಗ ತೆಗೆದ್ರೆ ಕಫ ಬರಲ್ಲ." ಜ್ಯೋತಿ ಮೂರು ಎಣಿಸುವಷ್ಟರಲ್ಲಿ ಕೂಸು ಕಪ್ಪಿಟ್ಟಿತು. ಅವಳು ಅಲ್ಲೇ ಬಿದ್ದಳು. ಎಚ್ಚರವಾದಾಗ ಪೈಪು ಅತ್ತೆಯ ಕೈಯಲ್ಲಿತ್ತು.

"ನೀ ಗದ್ದಿಗಿ ಹೋಗು. ಇದು ನಿನ್ನ ಕೈಲೆ ಆಗೂ ಕೆಲಸಲ್ಲ."

ಅಂದಿನಿಂದ ಗುಂಪು ನಡೆಸುತ್ತಿದ್ದ ಹೆಂಗಸು ಮನೆಯಲ್ಲಿ ಕೂತಳು. ಅವಳ ಜಾಗದಲ್ಲಿ ಸೊಸೆ ಕೆಸರಿಗಿಳಿದಳು. ಮನೆಯಲ್ಲಿದ್ದಾಗ ಮಷೀನು ಶುರುವಾದರೆ ಸಾಕು, ಜ್ಯೋತಿ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದಳು. ಗೋಡೆಯ ಆಚೆಯಿಂದ ಪ್ರತಿ ಸಲವೂ ಅದೇ ಮಾತು:

"ನಿನ್ನ ಹೆಣಾ ಎತ್ತಲಿ, ನಿನ್ನ ಬಾಯಾಗ ಮಣ್ಣ ಬೀಳಲಿ, ನಮ್ಮ ಮನಿ ಹಾಳ ಮಾಡಾಕ ಬಂದ್ಯಾ ಮೂಳಿ, ಸಾಯವಲ್ಲಿ, ಬದುಕವಲ್ಲಿ, ಥೂ!"

ದಿನಕ್ಕೆ ಎಂಟು ಸಲ, ಹತ್ತು ಸಲ. "ನಿಮ್ಮವ್ವ ನನ್ನ ಕೂಸಿಗೆ ದಿನಾ ಸಾವು ಬೇಡಾಕತ್ತಾಳ," ಎಂದು ಜ್ಯೋತಿ ಗಂಡನಿಗೆ ಹೇಳಿದ್ದಳು. "ಮಾಡ್ತಾಳಲ್ಲ, ಮಾಡ್ಲಿ ಬಿಡು," ಎಂದಿದ್ದ ಅವನು. ಇವತ್ತು ಒಲೆಯ ಮುಂದೆ ವಾಲಿದ ಅತ್ತೆಯನ್ನು ಕಂಡಾಗ ಅವಳಿಗೆ ಮೊದಲು ಅನಿಸಿದ್ದು ಒಂದೇ: ಆ ಬಾಯಿ ನಿಂತಿತು.

* * *

ಬಿಸಿಲು ನೆತ್ತಿಗೇರಿದಾಗ ಜ್ಯೋತಿ ಅಳುವವರ ನಡುವಿನಿಂದ ಎದ್ದು ಅಡುಗೆಮನೆಗೆ ಹೋದಳು. ಅಂಬಿಕಾ ಎರಡೂ ಅಂಗೈಯಿಂದ ನೆಲ ಬಡಿಯುತ್ತಿದ್ದಳು. ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದಳೋ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಉಸಿರೆಳೆದಾಗಲೆಲ್ಲ ಎದೆಯ ಗುಳಿ ಒಳಕ್ಕೆ ಕುಸಿಯುತ್ತಿತ್ತು.

ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಮಷೀನು ಹಿಡಿದು ಹೊರಗೆ ಓಡಿ ಬಂದಳು. "ಪಿನ್ನು ತಗೀರಿ!"

ಬೋರ್ಡಿನ ಪಕ್ಕ ನಿಂತಿದ್ದ ಪಂಪಾಪತಿ ಪಿನ್ನಿನ ಮೇಲೆ ಕೈಯಿಟ್ಟ. ಕೀಳಲಿಲ್ಲ.

"ಜ್ಯೋತಿ." ಅವನ ದನಿ ಮೆತ್ತಗಿತ್ತು. ಜ್ವರ ಬಂದಾಗ ಗುಳಿಗೆ ಕೊಡುವಾಗಿನ ದನಿ. "ಅವ್ವ ಹೋದ್ಲು. ಇನ್ನ ಯಾರು ಮಾಡಾವ್ರು? ಬಿಡು. ಅವ್ವನ ಜೋಡಿ ಹೋಗಲಿ."

ಅಳು ನಿಂತಿತ್ತು. ದಾವಲ್‌ಬೀ ಸೆರಗು ಸರಿಮಾಡಿಕೊಂಡು ಗೋಡೆ ನೋಡಿದಳು.

ಜ್ಯೋತಿ ಬಾಗಿ ಅವನ ಮಣಿಕಟ್ಟು ಕಚ್ಚಿದಳು. ಹಲ್ಲಿಗೆ ರಕ್ತ ಹತ್ತಿತು. ಅವನು ಕೈ ಬಿಟ್ಟ, ಅವಳು ಪಿನ್ನು ಕಿತ್ತಳು. ಪೆಟ್ಟಿಗೆ ಸುಮ್ಮನಾಯಿತು.

"ಅಯ್ಯಯ್ಯ, ಹೆಣಾ ಕೆಡತೈತಲ್ಲೇ!" ಎಂದು ಗ್ಯಾನಮ್ಮ ಕಿರುಚಿದಳು.

ಜ್ಯೋತಿ ಕೂಸನ್ನು ನೆಲಕ್ಕೆ ಮಲಗಿಸಿ, ಮಷೀನಿನ ಪಿನ್ನು ಚುಚ್ಚಿ, ನಳಿಗೆಯೊಳಗೆ ಪೈಪು ಇಳಿಸಿ ಎಣಿಸತೊಡಗಿದಳು. ಅಂಕಿಗಳು ದೊಡ್ಡಿ ಬಿಟ್ಟ ಕುರಿಗಳಂತೆ ನುಗ್ಗಿದವು; ಹತ್ತು ಮುಗಿದಾಗ ಪೈಪು ಖಾಲಿ ಬಂತು. ಅಂಬಿಕಾ ಒದ್ದಾಡಿ ಪೈಪು ಹಿಡಿದೆಳೆದಳು. ಎರಡನೇ ಸಲ ನಿಧಾನ ಮಾಡಲು ಹೋಗಿ ಆರಕ್ಕೆ ಲೆಕ್ಕ ತಪ್ಪಿತು. ಕೂಸಿನ ಕಣ್ಣುಗುಡ್ಡೆಗಳು ಮೇಲೆ ಹೋದವು.

ಮೂರನೇ ಸಲ ಅವಳ ಬಾಯಿಗೆ ಬಂದದ್ದು ಅಂಕಿಯಲ್ಲ.

"ನಿನ್ನ ಹೆಣಾ ಎತ್ತಲಿ..."

ಅಂಬಿಕಾಳ ಕೈಗಳು ಪೈಪು ಬಿಟ್ಟು ಕೆಳಗೆ ಬಿದ್ದವು.

"...ನಿನ್ನ ಬಾಯಾಗ ಮಣ್ಣ ಬೀಳಲಿ..."

ಕೂಸು ಕಣ್ಣು ಮುಚ್ಚಿ ಅಲುಗದೆ ಮಲಗಿತು. ಪೈಪಿನಲ್ಲಿ ಗಟ್ಟಿ ಕಫ ಗೊರಗೊರ ಏರಿ ಬಾಟಲಿಗೆ ಬಿತ್ತು. ಜ್ಯೋತಿ ಅವಸರ ಮಾಡಲಿಲ್ಲ. "ಸಾಯವಲ್ಲಿ, ಬದುಕವಲ್ಲಿ, ಥೂ!" ಎಂದು ಪೈಪು ಎಳೆದಳು. ಆ ಥೂಗಾಗಿಯೇ ಕಾದಿದ್ದ ಕೂಸು ತಾನಾಗಿ ಕೆಮ್ಮಿ, ಎದೆ ತುಂಬ ಗಾಳಿ ಎಳೆದುಕೊಂಡಿತು.

ಮತ್ತೊಮ್ಮೆ. ಇನ್ನೊಮ್ಮೆ. ತುಟಿಗೆ ಬಣ್ಣ ಬಂತು. ಆಗ ಜ್ಯೋತಿಗೆ ಅಳು ಬಂತು. ಗಾಜಿನ ಕಡೆ ತಿರುಗಿ ಅಳಲು ಹೊತ್ತಿರಲಿಲ್ಲ.

"ನೋಡ್ರೇ, ಅತ್ತಿ ಹೆಣ ಇನ್ನೂ ಎತ್ತಿಲ್ಲ," ಎಂದಳು ಗ್ಯಾನಮ್ಮ, "ಹಡದ ಕೂಸಿಗೆ ಸಾಯಿ ಅನ್ನಾಕತ್ತಾಳ. ಇಂಥಾಕಿನ್ನ ತಂದ್ಕೊಂಡಿದ್ದಿ ನೋಡವ್ವಾ ಅಕ್ಕಾ!"

ಜ್ಯೋತಿ ಬೋರ್ಡು ಬಿಟ್ಟು ಏಳಲಿಲ್ಲ. ಹೆಣ ತಡೆಯುವುದಿಲ್ಲ ಎಂದು ಹಿರಿಯರು ಎರಡು ಗಂಟೆಗೇ ಎತ್ತಿಸಿದರು. ತಂಗಿ ಗಂಗಾ ಆಗಿನ್ನೂ ಗಂಗಾವತಿ ಊರು ದಾಟಿರಲಿಲ್ಲ.

ಮಣ್ಣು ಕೊಟ್ಟು ಸ್ನಾನ ಮಾಡಿ ಬಂದ ಪಂಪಾಪತಿ ಒದ್ದೆ ಬಟ್ಟೆಯಲ್ಲಿ ಹೊಸ್ತಿಲ ಮೇಲೆ ನಿಂತ. ಮಣಿಕಟ್ಟು ಬಾತಿತ್ತು.

"ಕೈ ತೊಳಕೊಂಡು ಬಾ," ಎಂದಳು ಜ್ಯೋತಿ. ಮದುವೆಯಾದ ಮೇಲೆ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಇದೇ ಮೊದಲು. "ಸಬಕಾರ ಹಚ್ಚು. ಮೊಣಕೈತನ."

ಅವನು ತೊಳೆದುಕೊಂಡು ಬಂದು ಕೂತ. ಅವಳು ಕುದಿಸಿದ ಪೈಪನ್ನು ಅವನ ಬೆರಳಿಗೆ ಕೊಟ್ಟಳು.

"ಯಾರು ಮಾಡಾವ್ರು ಅಂದೆಲ್ಲ? ಮಾಡು. ಎಣಿಸಬ್ಯಾಡ. ನಿಮ್ಮವ್ವ ಅಂದಂಗ ಅನ್ನು. ನಿನ್ನ ಮನಸಿನಾಗ ಐತಲ್ಲ, ಅದನ್ನ ಬಾಯಿಲೆ ಅನ್ನು."

ಮಷೀನು ಶುರುವಾಯಿತು. ಪಂಪಾಪತಿ ಬಾಯಿ ತೆರೆದ. ದನಿ ಬರಲಿಲ್ಲ.

ಅಂಬಿಕಾ ಅಪ್ಪನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಗದ್ದ ಮೇಲೆತ್ತಿ, ಕತ್ತು ಚಾಚಿ, ಕಣ್ಣು ಮುಚ್ಚಿ ಕಾದಳು.