ಶಾಸ್ತ್ರಕ್ಕೊಂದು

ಸಾಂಗಲಿ ಜಿಲ್ಲೆಯ ಗಡಿ ಊರು ಉಟಗಿಯ ಬಸ್ ಸ್ಟ್ಯಾಂಡಿನ ಎದುರು ಶಿವಯೋಗೆಪ್ಪನವರದು ಮೊದಲು ಕಿರಾಣಿ ಅಂಗಡಿ. ಸೊಸೆ ವಿದ್ಯಾವತಿ ಫಾರ್ಮಸಿ ಕಲಿತು ಬಂದ ಮೇಲೆ ಅದು ಔಷಧದ ಅಂಗಡಿಯಾಯಿತು. ಅಂಗಡಿ ಬದಲಾದರೂ ಮುದುಕರ ಕಾಯಿದೆ ಬದಲಾಗಲಿಲ್ಲ. ಗಿರಾಕಿಗೆ ‘ಇಲ್ಲ’ ಅನ್ನಬಾರದು, ಯಾವ ಡಬ್ಬಿಯನ್ನೂ ಬರಿದು ಮಾಡಬಾರದು. ಬರಿದಾದ ಡಬ್ಬಿಯಲ್ಲಿ ಲಕ್ಷ್ಮಿ ಕೂರುವುದಿಲ್ಲವಂತೆ. ಜೋಳದ ಚೀಲದ ತಳದಲ್ಲಿ ಅವರು ಒಂದು ಹಿಡಿಯಾದರೂ ಉಳಿಸುತ್ತಿದ್ದರು.

ಈಚೆಗೆ ಸಾಂಗಲಿಯ ಒಬ್ಬ ಹೋಲ್‌ಸೇಲ್ ವ್ಯಾಪಾರಿ ತಾಲೂಕಿನ ಔಷಧದ ಅಂಗಡಿಗಳ ಕಂಪ್ಯೂಟರುಗಳನ್ನು ತನ್ನದಕ್ಕೆ ಜೋಡಿಸಿದ್ದ. ನಿನ್ನ ಹತ್ತಿರ ಯಾವುದು ಎಷ್ಟಿದೆ ಎಂದು ಅವನ ಕಂಪ್ಯೂಟರ್ ತಾಸಿಗೊಮ್ಮೆ ಕೇಳುತ್ತದೆ, ಅಂಗಡಿಯದು ಹೇಳುತ್ತದೆ. ಹೇಳಿದ್ದೆಲ್ಲ ಡಾಕ್ಟರುಗಳ ಮೊಬೈಲಿಗೆ ಮುಟ್ಟುತ್ತದೆ. ಎರಡು ಯಂತ್ರಗಳ ಮಾತು. ನಡುವೆ ಮನುಷ್ಯರು ಬಾಯಿ ಹಾಕುವ ಹಾಗಿಲ್ಲ. ತೀರಿಹೋದ ಔಷಧದ ಮುಂದೆ ಮಾತ್ರ ಒಂದು ಕೆಂಪು ಸೊನ್ನೆ ಬರುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಶಿವಯೋಗೆಪ್ಪ ಕನ್ನಡಕ ಏರಿಸಿ, ಆ ಕೆಂಪು ನೋಡಿ ಗೊಣಗುತ್ತಿದ್ದರು. ದಿನಾ ಯಾರು ಕೇಳುತ್ತಾರೆ ಈ ಕಿರಿಕಿರಿ ಎಂದು ವಿದ್ಯಾವತಿ ಸೊನ್ನೆ ಇದ್ದಲ್ಲೆಲ್ಲ ಒಂದರ ಅಂಕಿ ಒತ್ತತೊಡಗಿದಳು. ಸೊನ್ನೆ ಕಂಡರೆ ತಾನೇ ಮಾಲು ಕಳಿಸುವ ಸಾಂಗಲಿಯ ಕಂಪ್ಯೂಟರ್ ಒಂದು ಕಂಡು ಸುಮ್ಮನಾಯಿತು. ಅವಳು ನೆನಪಾದದ್ದನ್ನು ಫೋನಿನಲ್ಲಿ ತರಿಸುತ್ತಿದ್ದಳು. ಮರೆತದ್ದು ಮರೆತಂತೆಯೇ ಉಳಿಯುತ್ತಿತ್ತು.

ಆ ಮಧ್ಯಾಹ್ನ ಅಂಗಡಿಯ ಮುಂದೆ ಜೀಪು ನಿಂತಿತು. ಸೊರಡಿಯ ಕುರಿಗಾರ ತುಕಾರಾಮ ಪುಟ್ಟ ಮಗಳು ರೂಪಾಲಿಯನ್ನು ಎದೆಗವಚಿಕೊಂಡು ಇಳಿದ. ಮಗುವಿನ ಕೆನ್ನೆ ತುಂಬ ಪಟ್ಟಿ.

“ಹುಚ್ಚನಾಯಿ ಕಡದೈತ್ರಿ ಯಕ್ಕಾ. ಜತ್ತದ ಡಾಕ್ಟರ್ ಸೂಜಿ ಮಾಡ್ಯಾರ. ಮಾರಿಗೆ ಕಡದೈತಿ, ಅದಷ್ಟ ಸಾಲಂಗಿಲ್ಲ, ಗಾಯದ ಸುತ್ತ ಹಾಕೂ ಸೀರಮ್ ಇವತ್ತ ಬೇಕು ಅಂದ್ರು. ಅವರ ಕಡೆ ಮುಗದೈತಂತ. ಮೊಬೈಲ್‌ನ್ಯಾಗ ನೋಡಿ, ಉಟಗ್ಯಾಗ ಒಂದ ಐತಿ, ಓಡು ಅಂದ್ರು.”

ವಿದ್ಯಾವತಿ ಅದರ ಕೊನೆಯ ಬಾಟಲಿಯನ್ನು ಹೋದ ತಿಂಗಳೇ ಮಾರಿದ್ದಳು. ಅಂದೇ ಸಂಜೆ ಒಂದು ಒತ್ತಿದ್ದಳು.

ಶಿವಯೋಗೆಪ್ಪ ಪರದೆಯತ್ತ ಬಾಗಿ ನೋಡಿದರು. “ಐತಿ, ಐತಿ. ಕುಂದರಪಾ. ವಿದ್ಯಾ, ಲಗೂನ ಕೊಡವಾ.”

ಅವಳು ಫ್ರಿಜ್ ತೆರೆದಳು. ಗೊತ್ತಿದ್ದೂ ಗೊತ್ತಿದ್ದೂ ಮೇಲೆ, ಕೆಳಗೆ, ಬಾಗಿಲಿನ ಸಂದಿನಲ್ಲಿ ತಡಕಿದಳು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ. ಬೆನ್ನ ಹಿಂದೆ ತುಕಾರಾಮ ಮಗಳನ್ನು ರಮಿಸುತ್ತಿದ್ದ. “ಸಿಕ್ತು ನೋಡವ್ವಾ. ಆತು, ಇನ್ನ ಅಳಬ್ಯಾಡ.”

“ಇಲ್ಲ,” ಎಂದಳು ವಿದ್ಯಾವತಿ.

ಆ ಅಂಗಡಿಯಲ್ಲಿ ಯಾರೂ ಆಡದ ಮಾತು ಅದು.

“ಇಲ್ಲಂದ್ರ? ಡಾಕ್ಟರ್ ನನ್ನ ಕಣ್ಣಿಗೆ ತೋರಿಸ್ಯಾರ್ರೀ! ಇನ್ನೊಮ್ಮಿ ನೋಡ್ರಿ, ನಿಮ್ಮ ಕಾಲ ಬೀಳ್ತೀನಿ.”

“ಅದು ಖರೇ ಒಂದಲ್ಲಣ್ಣಾ. ನಾನ ಸುಮ್ನ ಒತ್ತೇನಿ.”

ತುಕಾರಾಮನಿಗೆ ಅದು ಅರ್ಥವಾಗಲಿಲ್ಲ. ಯಾರಿಗೆ ತಾನೇ ಅರ್ಥವಾದೀತು? ಅವಳಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಕಂಪ್ಯೂಟರಿನಲ್ಲಿ ಉಳಿದ ಅಂಗಡಿಗಳ ಲೆಕ್ಕ ತೆಗೆದು ನೋಡಿದಳು. ಇಡೀ ತಾಲೂಕಿನಲ್ಲಿ ಇನ್ನೊಂದೇ ಊರಿತ್ತು: ಬೆಳುಂಕಿ, ಒಂದು. ಅಲ್ಲಿನ ಅಂಗಡಿಯ ಈಶ್ವರನಿಗೆ ಫೋನು ಹಚ್ಚಿದಳು.

“ಈಶ್ವರಣ್ಣಾ, ನಾಯಿ ಕಡದದ್ದಕ್ಕ ಹಾಕೂ ಸೀರಮ್ ನಿಮ್ಮಲ್ಲಿ ಒಂದ ತೋರಸಾಕತ್ತೈತಿ. ಖರೇನ ಐತೇನ್ರಿ?”

“ಇಲ್ಲ ತಂಗಿ. ಶಾಸ್ತ್ರಕ್ಕೊಂದ ಇಟ್ಟೇನಿ. ಯಾಕ, ನೀವು ಇಡಂಗಿಲ್ಲೇನ?”

ಇನ್ನು ಉಳಿದದ್ದು ವಿಜಾಪುರ. ರಾಜ್ಯದ ಗಡಿಯಾಚೆಯ ಅಂಗಡಿಗಳು ಈ ಕಂಪ್ಯೂಟರಿಗೆ ಸೇರಿದವಲ್ಲ, ಹೋಗಿಯೇ ಕೇಳಬೇಕು. ಸೊರಡಿಯಿಂದ ಜತ್ತಕ್ಕೆ, ಜತ್ತದಿಂದ ಇಲ್ಲಿಗೆ ಬರುವುದರಲ್ಲೇ ಅರ್ಧ ದಿನ ಹೋಗಿತ್ತು. ಶಿವಯೋಗೆಪ್ಪ ಟೊಪ್ಪಿಗೆ ಹಾಕಿಕೊಂಡು ತಾವೂ ಜೀಪು ಹತ್ತಿದರು. ಅಲ್ಲಿನ ಪೇಟೆಯಲ್ಲಿ ಅವರಿಗೆ ಗುರುತಿನವರಿದ್ದರು. ಹತ್ತುವ ಮೊದಲು ಸೊಸೆಯ ಕಡೆ ತಿರುಗಿದರು.

“ಆ ಹಿಡಿ ಜೋಳ ಲಕ್ಷ್ಮಿ ತಿಂತಿದ್ಳೇನ ಯವ್ವಾ? ಹೊತ್ತ ಮೀರಿ ಹಸದ ಬಂದವರಿಗೆ ಕೊಡಾಕ ಇಡ್ತಿದ್ನಿ. ನೀ ಜೋಳ ಮಾರಿ ಬರೇ ಲೆಕ್ಕ ಇಟ್ಟಿ. ನಾನೂ ಮುದಿಗೂಬಿ, ಕೆಂಪು ಹೋತಂತ ಖುಷಿ ಆದ್ನಿ. ಫ್ರಿಜ್ ತಗದ ನೋಡಲಿಲ್ಲ.”

ಜೀಪು ಧೂಳೆಬ್ಬಿಸಿ ಹೋಯಿತು. ತಂದೆಯ ಹೆಗಲ ಮೇಲಿಂದ ರೂಪಾಲಿ ಅಂಗಡಿಯನ್ನೇ ನೋಡುತ್ತಿದ್ದಳು. ವಿದ್ಯಾವತಿ ಅಳುತ್ತ ಕುಳಿತು ಸುಳ್ಳು ಒಂದುಗಳನ್ನೆಲ್ಲ ಅಳಿಸಿ ಸೊನ್ನೆ ಮಾಡಿದಳು. ಪರದೆ ಮೇಲಿಂದ ಕೆಳಗೆ ಕೆಂಪಾಯಿತು. ಆಮೇಲೆ ಜತ್ತದ ಆ ಡಾಕ್ಟರ ದವಾಖಾನೆಗೆ ಫೋನು ಮಾಡಿ, ಸೀರಮ್ ಉಟಗಿಯಲ್ಲೂ ಇಲ್ಲ, ಬೆಳುಂಕಿಯಲ್ಲೂ ಇಲ್ಲ, ಮೊಬೈಲ್ ನೋಡಿ ಯಾರನ್ನೂ ಕಳಿಸಬೇಡಿ ಎಂದಳು.

“ಏನಂತೀರಿ ಅಕ್ಕಾರ?” ನರ್ಸಿನ ದನಿ ಗಾಬರಿಯಾಗಿತ್ತು. “ಅದ ನಾಯಿ ಕಡದ ಇನ್ನೊಂದು ಕೂಸು ಬಂದಿತ್ತು. ಈಗ ತಾಸಿನ ಹಿಂದ ಬೆಳುಂಕಿಗೆ ಕಳಸೇವ್ರಿ. ಅಲ್ಲಿ ಒಂದ ಐತಲ್ರಿ!”